ಬೋರ್ಡಿದೆ, ದೋಸೆ ಖಾಲಿ

ಅರ್ಧ ನೋಡಿ ಬಿಟ್ಟಿದ್ದ ಧಾರಾವಾಹಿಯೊಂದು ಮೊನ್ನೆ ಆ್ಯಪ್‌ನಿಂದ ಮಾಯವಾಯಿತು. ವರ್ಷದ ಚಂದಾ ಪೂರ್ತಿ ಕಟ್ಟಿದ್ದೇನೆ. ಹುಡುಕಿದರೆ ಪೋಸ್ಟರ್ ಬರುತ್ತದೆ, ಒತ್ತಿದರೆ ‘ಸದ್ಯಕ್ಕೆ ಲಭ್ಯವಿಲ್ಲ’. ಹೋಟೆಲ್ ಬೋರ್ಡಿನ ಮೇಲೆ ಮಸಾಲೆ ದೋಸೆ ಅಂತ ಇರುತ್ತದೆ, ಕೂತು ಒಂದು ಲೋಟ ನೀರು ಕುಡಿದ ಮೇಲೆ ‘ಖಾಲಿ ಸಾರ್’ ಅಂತಾರಲ್ಲ, ಹಾಗೆ.

ಸಿಟ್ಟು ಬಂತು. ಆಮೇಲೆ ಬಿಬಿಸಿ ನೆನಪಾಗಿ ಸಮಾಧಾನವಾಯಿತು. ಈ ಕಲೆಯಲ್ಲಿ ಅವರ ಮುಂದೆ ನಮ್ಮ ಆ್ಯಪ್‌ನವರು ಇನ್ನೂ ಅಂಗನವಾಡಿ ಮಕ್ಕಳು.

1960ರ ದಶಕದ ಯಾವ ದಿನ ಬೇಕಾದರೂ ಹೇಳಿ. ಅವತ್ತು ಬಿಬಿಸಿ ಟಿವಿಯಲ್ಲಿ ಎಷ್ಟು ಗಂಟೆಗೆ ಏನಿತ್ತು ಅನ್ನೋ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಕಾರ್ಯಕ್ರಮ ಮಾತ್ರ ಕೇಳಬೇಡಿ. ಬಹಳಷ್ಟನ್ನು ಒರೆಸಿಬಿಟ್ಟಿದ್ದಾರೆ.

ಬೆಳಗ್ಗೆ ಸೆಟ್ ಹಾಕಿದರೆ ಏನು ಬರುತ್ತಿತ್ತು? ಹೆಚ್ಚಾಗಿ ಟೆಸ್ಟ್ ಕಾರ್ಡ್. ಟಿವಿ ಅಂಗಡಿಯವರು ಸೆಟ್ ಸರಿ ಮಾಡಿಕೊಳ್ಳಲಿ ಅಂತ ತೋರಿಸುವ ನಿಂತ ಚಿತ್ರ. 1967ರಲ್ಲಿ ಬಂದ ಕಾರ್ಡಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಕರಿ ಹಲಗೆಯ ಮೇಲೆ ಎಕ್ಸ್-ಸೊನ್ನೆ ಆಡುತ್ತಾಳೆ. ಎದುರಾಳಿ ಒಂದು ಬಟ್ಟೆ ಬೊಂಬೆ. ದಶಕಗಳು ಕಳೆದರೂ ಆ ಆಟ ಮುಗಿಯಲಿಲ್ಲ. ಹುಡುಗಿ ದೊಡ್ಡವಳಾದಳು, ಪರದೆಯ ಮೇಲೆ ಇನ್ನೂ ಎಂಟೇ ವರ್ಷ. ಬ್ರಿಟನ್ನಿನಲ್ಲಿ ಅವಳಷ್ಟು ಹೊತ್ತು ಟಿವಿಯಲ್ಲಿ ಕಾಣಿಸಿಕೊಂಡವರು ಬೇರೆ ಇಲ್ಲ ಅಂತಾರೆ. ಇಷ್ಟು ನಿಷ್ಠೆಯಿಂದ ಅವರು ಕಾಪಾಡಿಕೊಂಡ ಚಿತ್ರ ಏನೂ ನಡೆಯದೇ ಇರುವ ಈ ಚಿತ್ರ!

ಇಡೀ ದಿನ ಕಾರ್ಯಕ್ರಮ ಹಾಕೋಕೆ ಏನು ಕಷ್ಟ? ಪೋಸ್ಟ್‌ಮಾಸ್ಟರ್ ಜನರಲ್ ಒಪ್ಪಬೇಕು. ತಮಾಷೆ ಅಲ್ಲ. ಟಿವಿ ಎಷ್ಟು ಹೊತ್ತು ಓಡಬೇಕು ಅಂತ ಹೇಳುತ್ತಿದ್ದವರು ಅಂಚೆ ಮಂತ್ರಿ. ವಾರಕ್ಕೆ ಸುಮಾರು 50 ಗಂಟೆ, ಅಷ್ಟೇ. ಕಾಗದ ತಲುಪಿಸೋರಿಗೆ ಜನ ಎಷ್ಟು ಹೊತ್ತಿಗೆ ಮಲಗಬೇಕು ಅನ್ನೋದೂ ಗೊತ್ತಿರುತ್ತದೆ. 1957ರವರೆಗೆ ಇನ್ನೂ ಚೆನ್ನಾಗಿತ್ತು: ಮಕ್ಕಳು ಹಟ ಮಾಡದೆ ಮಲಗಲಿ ಅಂತ ಸಂಜೆ 6ರಿಂದ 7 ಟಿವಿಯೇ ಬಂದ್. ಈ ಗಂಟೆ ಲೆಕ್ಕ ಪೂರ್ತಿ ಹೋಗಿದ್ದು 1972ರಲ್ಲಿ.

ಸರಿ, ಸಂಜೆ ಏನಿದೆ ಅಂತ ನೋಡೋಣ ಅಂದ್ರೆ ಎರಡು ಪತ್ರಿಕೆ ಕೊಳ್ಳಬೇಕು. ‘ರೇಡಿಯೋ ಟೈಮ್ಸ್’ ಬಿಬಿಸಿದು. ಅದರ ಪ್ರಕಾರ ಎದುರಾಳಿ ಖಾಸಗಿ ಚಾನೆಲ್ ಐಟಿವಿ ಅನ್ನೋದು ಭೂಮಿ ಮೇಲೇ ಇಲ್ಲ. ಐಟಿವಿಗೆ ‘ಟಿವಿ ಟೈಮ್ಸ್’. ಅದರಲ್ಲಿ ಬಿಬಿಸಿ ಹುಟ್ಟೇ ಇಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಮದುವೆಗೆ ಎರಡು ಲಗ್ನಪತ್ರಿಕೆ ಹಂಚಿದಂತೆ. ವಾರದ ಪಟ್ಟಿಯನ್ನು ಬೇರೆ ಯಾರೂ ಒಟ್ಟಿಗೆ ಅಚ್ಚು ಹಾಕುವಂತಿಲ್ಲ. ಈ ಜಗಳ ಮುಗಿದದ್ದು 1991ರಲ್ಲಿ. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದು ಹೋಗಿತ್ತು.

ಒಂದು ಸಂಜೆ ಮಾತ್ರ ನನಗೆ ತುಂಬಾ ಇಷ್ಟ. 1964ರ ಏಪ್ರಿಲ್ 20. ಬಿಬಿಸಿ 2 ಉದ್ಘಾಟನೆ. ಭರ್ಜರಿ ಪಟ್ಟಿ ತಯಾರಾಗಿತ್ತು. ಬ್ಯಾಟರ್‌ಸೀ ವಿದ್ಯುತ್ ಕೇಂದ್ರದಲ್ಲಿ ಬೆಂಕಿ, ಕರೆಂಟ್ ಹೋಯಿತು! ಮರುದಿನ ಬೆಳಗ್ಗೆ ಪುಟ್ಟ ಮಕ್ಕಳ ಕಾರ್ಯಕ್ರಮದಿಂದಲೇ ಹೊಸ ಚಾನೆಲ್ಲಿನ ನಿಜವಾದ ಆರಂಭ. ಸಂಜೆ ನಿರೂಪಕರು ಕತ್ತಲಲ್ಲಿ ಕೂತು, ಮೇಣದಬತ್ತಿ ಊದಿ ಆರಿಸಿ ಶುರು ಮಾಡಿದರು. ಇದೊಂದು ವಿಷಯದಲ್ಲಿ ಲಂಡನ್ ನಮ್ಮೂರೇ.

ಇನ್ನು ಒರೆಸುವ ಕಥೆ. ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’, ಅದರ ಎಷ್ಟೋ ಹಳೆಯ ಕಂತುಗಳು ಹೀಗೇ ಹೋದವು. ಟೇಪು ದುಬಾರಿ, ಒರೆಸಿ ಮತ್ತೆ ಬಳಸಿದರು. ಮರುಪ್ರಸಾರಕ್ಕೆ ಕಲಾವಿದರ ಸಂಘದ ಕರಾರು ಬೇರೆ ಅಡ್ಡ. ಒಪ್ಪೋಣ. ನಮ್ಮಲ್ಲೂ ಬೂಸ್ಟ್ ಡಬ್ಬ ತೊಳೆದು ಬೇಳೆ ತುಂಬುತ್ತೇವೆ. ಆದರೆ ಹಾಸ್ಯನಟ ಪೀಟರ್ ಕುಕ್ ತನ್ನದೇ ಹಾಸ್ಯ ಕಾರ್ಯಕ್ರಮದ ಟೇಪಿಗೆ ದುಡ್ಡು ನಾನೇ ಕೊಡ್ತೀನಿ, ಒರೆಸಬೇಡಿ ಅಂದರೂ ಒಪ್ಪಲಿಲ್ಲವಂತೆ. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ರಾತ್ರಿ ಬೆಳಗಿನತನಕ ಪ್ರಸಾರ ಮಾಡಿದರು. ಅವರ ಸ್ಟುಡಿಯೋದ ಆ ಟೇಪುಗಳೂ ಇಲ್ಲ. ಟಿವಿ ಮುಂದೆ ಮೈಕ್ ಹಿಡಿದು ದನಿ ಹಿಡಿದಿಟ್ಟ ಹುಡುಗರ ಪುಣ್ಯದಿಂದ ‘ಡಾಕ್ಟರ್ ಹೂ’ ಕಳೆದ ಕಂತುಗಳನ್ನು ಈಗ ಕೇಳಬಹುದು, ನೋಡೋಕಾಗಲ್ಲ. ಕಚೇರಿಯ ಪತ್ರ, ಟಿಪ್ಪಣಿಗಳೆಲ್ಲ ರೆಡಿಂಗ್ ಪಟ್ಟಣದ ಹತ್ತಿರದ ಕಡತಖಾನೆಯಲ್ಲಿ ಕ್ಷೇಮ. ಗುಮಾಸ್ತರ ಸಂಸ್ಥೆ ಅಂದ್ರೆ ಹೀಗಿರಬೇಕು.

ಭಾನುವಾರ ಬೆಳಗ್ಗೆ ನಮ್ಮವರಿಗೂ ಒಂದು ಪಾಲಿತ್ತು, ಹೇಳಲೇಬೇಕು. 1965ರ ಅಕ್ಟೋಬರಿನಿಂದ, ಭಾರತ ಪಾಕಿಸ್ತಾನಗಳಿಂದ ಬಂದವರಿಗಾಗಿ ಹಿಂದಿ-ಉರ್ದು ಬೆರೆತ ಹಿಂದುಸ್ತಾನಿ ಭಾಷೆಯಲ್ಲಿ ಒಂದು ಕಾರ್ಯಕ್ರಮ. ಹೆಸರು ‘ಅಪ್ನಾ ಹೀ ಘರ್ ಸಮಝಿಯೇ’. ನಿಮ್ಮದೇ ಮನೆ ಅಂದ್ಕೊಳ್ಳಿ. ಅಲ್ಲಿದ್ದ ಕನ್ನಡಿಗರೂ ಹಿಂದುಸ್ತಾನಿಯಲ್ಲೇ ಮನೆ ಅಂದ್ಕೋಬೇಕು, ಇರಲಿ. ವಾರವೆಲ್ಲ ಪಾಳಿ ದುಡಿದವನು ಹೊದ್ದು ಮಲಗಿರುವ ಹೊತ್ತಿನಲ್ಲಿ ಈ ಸ್ವಾಗತ.

ಅದರ ಹಿಂದಿನ ಸಂಜೆ ಅದೇ ಮನೆಯಲ್ಲಿ ಏನು ನಡೆಯುತ್ತಿತ್ತು ಗೊತ್ತಾ? ‘ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’. ಬಿಳಿ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು, ಕಣ್ಣರಳಿಸಿ ಕುಣಿಯೋದು. ಕೋಟಿಗಟ್ಟಲೆ ಜನ ನೋಡಿದರು. 1961ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಟಿವಿ ಉತ್ಸವದಲ್ಲಿ ಚಿನ್ನದ ಗುಲಾಬಿ ಪ್ರಶಸ್ತಿಯೂ ಬಂತು. 1967ರಲ್ಲಿ, ಇದು ಅವಮಾನ, ನಿಲ್ಲಿಸಿ ಅಂತ ವರ್ಣಭೇದ ವಿರೋಧಿ ಸಂಘಟನೆಯವರು ಮನವಿ ಕೊಟ್ಟರು. ನಿಲ್ಲಲಿಲ್ಲ. 1958ರಿಂದ 1978ರವರೆಗೆ ಓಡಿತು. ಇಪ್ಪತ್ತು ವರ್ಷ. ನಿಲ್ಲಿಸೋದು ಗೊತ್ತಿಲ್ಲದವರೇನಲ್ಲ. ಮಂತ್ರಿಗಳನ್ನು ಗೇಲಿ ಮಾಡುತ್ತಿದ್ದ ಶನಿವಾರದ ಕಾರ್ಯಕ್ರಮವನ್ನು, ಮುಂದಿನ ವರ್ಷ ಚುನಾವಣೆ ಅಂತ 1963ರ ಕೊನೆಗೆ ನಿಲ್ಲಿಸಿದರು. ಅಣುಬಾಂಬ್ ಬಿದ್ದರೆ ಏನಾಗುತ್ತದೆ ಅಂತ ತೋರಿಸಿದ 1965ರ ಚಿತ್ರವನ್ನು 1985ರವರೆಗೆ ಟಿವಿಗೆ ಬಿಡಲಿಲ್ಲ. ಜನರ ಮನಸ್ಸು ಕೆಟ್ಟೀತು ಅಂತ. ಮುಖಕ್ಕೆ ಮಸಿ ಬಳಿದುಕೊಂಡು ಆಡಿಕೊಂಡರೆ ಯಾರ ಮನಸ್ಸೂ ಕೆಡಲ್ಲ ಅಂತ ಇವರಿಗೆ ಹೇಳಿದವರು ಯಾರು? ನಾವು ಮನೆಯವರಂತೆ. ಸಾಕು, ಬಿಡಿ.

ರಾತ್ರಿ ಬಾಗಿಲು ಹಾಕುವ ಹೊತ್ತು. ರಾಣಿಯನ್ನು ದೇವರು ಕಾಪಾಡಲಿ ಅಂತ ರಾಷ್ಟ್ರಗೀತೆ. ಆಮೇಲೆ ಒಂದು ಮೆತ್ತನೆಯ ದನಿ: ಸೆಟ್ ಆಫ್ ಮಾಡೋದು ಮರೀಬೇಡಿ. ಬಿಳಿ ಚುಕ್ಕೆ ಚಿಕ್ಕದಾಗುತ್ತಾ ಹೋಗಿ ಕತ್ತಲು.

ನಮ್ಮ ಆ್ಯಪ್‌ಗೆ ಅಷ್ಟು ಮರ್ಯಾದೆ ಇಲ್ಲ. ಮಾಯವಾದ ಧಾರಾವಾಹಿಯ ಬದಲು ಬೇರೇನೋ ಹಚ್ಚಿ ಸೋಫಾ ಮೇಲೆ ತೂಕಡಿಸಿದ್ದೆ. ಕಣ್ಣು ಬಿಟ್ಟರೆ ಪರದೆಯ ಮೇಲೆ ಪ್ರಶ್ನೆ: ‘ನೀವು ಇನ್ನೂ ನೋಡುತ್ತಿದ್ದೀರಾ?’

ನೋಡ್ತಾ ಇದ್ದೆ ಸ್ವಾಮಿ, ನೀವೇ ತೆಗೆದಿರಿ.