ಎಲ್ಲರೂ ಜೀಯಸ್ ಆದರೆ ತಿದಿ ಒತ್ತೋರು ಯಾರು?

"ನಿಮ್ಮೊಳಗಿರುವ ಗ್ರೀಕ್ ದೇವರು ಯಾರು?" ಅನ್ನೋ ಕ್ವಿಜ್ ಆಗಾಗ ಟೈಮ್‌ಲೈನಿಗೆ ಬಂದು ಬೀಳುತ್ತಿರುತ್ತದೆ. ಹತ್ತು ಪ್ರಶ್ನೆ, ಕೊನೆಗೆ ಎಂಟು ದೇವರಲ್ಲಿ ಒಬ್ಬನ ಪಟ. ಹಂಚಿಕೊಂಡವರೆಲ್ಲ ಒಂದೋ ದೇವರಾಜ ಜೀಯಸ್, ಇಲ್ಲವೇ ಅವನ ಮಗ ಅಪೊಲೊ. ಹೆಫೈಸ್ಟಸ್ ಬಂದವನು ಸುಮ್ಮನೆ ಪೇಜು ಮುಚ್ಚಿ ಹೋಗುತ್ತಾನೇನೋ. ಆದರೆ ಗಂಡಸಿನ ಮನಸ್ಸನ್ನು ಓದೋದಕ್ಕೆ ಆ ಎಂಟು ದೇವರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವವನು ಅದೇ ಕುಂಟ ಕಮ್ಮಾರ ಅನ್ನೋದು ನನ್ನ ವಾದ.

ಎಂಟರ ಈ ಪಟ್ಟಿ ಪ್ರಾಚೀನ ಗ್ರೀಕ್ ಕವಿ ಹೋಮರ್ ಕೊಟ್ಟದ್ದಲ್ಲ. ಮನಶ್ಶಾಸ್ತ್ರಜ್ಞ ಯೂಂಗ್ ಪರಂಪರೆಯ ಅಮೆರಿಕನ್ ಮನೋವೈದ್ಯೆ ಜೀನ್ ಶಿನೋಡಾ ಬೋಲೆನ್ 1989ರಲ್ಲಿ ಗಂಡಸರ ಬಗ್ಗೆ ಬರೆದ ಪುಸ್ತಕದಿಂದ ಇದು ಜನಪ್ರಿಯವಾಯಿತು. ತಂದೆಯ ಸಾಲಿನಲ್ಲಿ ಜೀಯಸ್, ಪೊಸೈಡನ್, ಹೇಡೀಸ್. ಮಕ್ಕಳ ಸಾಲಿನಲ್ಲಿ ಅಪೊಲೊ, ಹರ್ಮೀಸ್, ಏರೀಸ್, ಹೆಫೈಸ್ಟಸ್, ಡಯೊನೈಸಸ್. ಕ್ವಿಜ್‌ನವರು ಪಟ್ಟಿಯನ್ನು ಎತ್ತಿಕೊಂಡರು, ಅದರ ಹಿಂದಿದ್ದ ಪ್ರಶ್ನೆಯನ್ನು ಬಿಟ್ಟರು. ಅಪ್ಪನ ಯಜಮಾನಿಕೆಯ ಮನೆಯಲ್ಲಿ ಮುದ್ದಿನ ಮಗ ಯಾರು, ಮೂಲೆಗೆ ಬಿದ್ದ ಮಗ ಯಾರು? ಜೀಯಸ್‌ಗೆ ಅಪೊಲೊ, ಹರ್ಮೀಸ್ ಅಂದರೆ ಅಚ್ಚುಮೆಚ್ಚು. ಯುದ್ಧದೇವತೆ ಏರೀಸ್‌ಗೆ ಮಾತ್ರ, ಹೋಮರನ ಟ್ರಾಯ್ ಯುದ್ಧದ ಕಾವ್ಯ ಇಲಿಯಡ್‌ನ ಐದನೇ ಸರ್ಗದಲ್ಲಿ, ಗಾಯಗೊಂಡು ಅಳುತ್ತ ಬಂದಾಗ, "ಒಲಿಂಪಸ್‌ನಲ್ಲಿ ನಿನ್ನಷ್ಟು ಅಸಹ್ಯ ನನಗೆ ಇನ್ಯಾರೂ ಇಲ್ಲ" ಅಂತ ಮುಖಕ್ಕೇ ಹೇಳುತ್ತಾನೆ.

ಇಂಥ ದೇವರನ್ನು ಯೂಂಗ್ ಪರಂಪರೆ ಆರ್ಕಿಟೈಪ್, ಅಂದರೆ ಮನಸ್ಸಿನ ಮೂಲಮಾದರಿ, ಅನ್ನುತ್ತದೆ. ಅದು ರಾಶಿ ಅಲ್ಲ. ರಾಶಿಗೆ ಗುಣಗಳ ಪಟ್ಟಿ ಸಾಕು: ಹಟಮಾರಿ, ಉದಾರಿ, ಮುಂಗೋಪಿ. ಆರ್ಕಿಟೈಪಿಗೆ ಪ್ರಸಂಗ ಬೇಕು. ಇಂಥ ಏಟು ಬಿದ್ದವನು ಇಂಥ ದಾರಿ ಹಿಡಿಯುತ್ತಾನೆ, ಆ ದಾರಿ ಇಂಥಲ್ಲಿ ಕೆಡುತ್ತದೆ ಅನ್ನೋ ಜಾಡು ಅದು. ಹಾಗಾಗಿ ದೇವರ ವಿಶೇಷಣ ಬಿಟ್ಟು ಪ್ರಸಂಗ ಓದಬೇಕು, ಅದರಲ್ಲೂ ಯಾರು ಯಾರೆದುರು ಏನು ಹೇಳಿದರು ಅನ್ನೋದನ್ನ.

ಇಲಿಯಡ್‌ನ ಮೊದಲ ಸರ್ಗದ ಕೊನೆ. ಜೀಯಸ್, ಅವನ ಹೆಂಡತಿ ಹೀರಾ ನಡುವೆ ಜಗಳ ಹತ್ತಿ ಸಭೆಯೆಲ್ಲ ಗರ ಬಡಿದಂತೆ ಕೂತಿದೆ. ಹೆಫೈಸ್ಟಸ್ ಎದ್ದು ಅಮ್ಮನ ಕೈಗೆ ಎರಡು ಹಿಡಿಯ ಬಟ್ಟಲು ಕೊಡುತ್ತಾನೆ. ಸಹಿಸ್ಕೋ ಅಮ್ಮಾ, ನಿನಗೆ ಏಟು ಬೀಳೋದನ್ನ ನೋಡಲಾರೆ, ಹಿಂದೊಮ್ಮೆ ನಿನ್ನ ಪರ ಬಂದದ್ದಕ್ಕೆ ಅಪ್ಪ ನನ್ನ ಕಾಲು ಹಿಡಿದು ಹೊಸ್ತಿಲಿಂದ ಎಸೆದ, ದಿನವಿಡೀ ಬಿದ್ದು ಸೂರ್ಯ ಮುಳುಗೋ ಹೊತ್ತಿಗೆ ಲೆಮ್ನೋಸ್ ದ್ವೀಪ ಸೇರಿದೆ ಅಂತ ನೆನಪಿಸುತ್ತಾನೆ. ಹೀರಾ ನಗುತ್ತಾಳೆ. ಆಮೇಲೆ ಎಲ್ಲರಿಗೂ ಪಾನೀಯ ಬಡಿಸುತ್ತ ಅವನು ಆಯಾಸಪಡುತ್ತ ಓಡಾಡುವುದನ್ನು ನೋಡಿ ದೇವರುಗಳೆಲ್ಲ ಬಿದ್ದು ಬಿದ್ದು ನಗುತ್ತಾರೆ. ಜಗಳ ಮುಗಿಯಿತು. ಅಪ್ಪ ಅಮ್ಮ ಕೂಗಾಡುವ ಮನೆಯಲ್ಲಿ ಕೋಡಂಗಿಯಾಗಿ ಬೆಳೆದ ಹುಡುಗನನ್ನು ಇದಕ್ಕಿಂತ ಕಡಿಮೆ ಸಾಲಿನಲ್ಲಿ ಯಾರಾದರೂ ಬರೆದಿದ್ದರೆ ತೋರಿಸಿ.

ಈಗ ಹದಿನೆಂಟನೇ ಸರ್ಗ. ಇಲ್ಲಿ ಅದೇ ಹೆಫೈಸ್ಟಸ್ ಹೆಂಡತಿ ಕಾರಿಸ್ ಎದುರು ಬೇರೆಯೇ ಕಥೆ ಹೇಳುತ್ತಾನೆ. ಎಸೆದದ್ದು ಅಮ್ಮ, ಕುಂಟ ಮಗ ಕಣ್ಣಿಗೆ ಬೀಳಬಾರದು ಅಂತ. ಸಮುದ್ರದೇವಿಯರಾದ ಥೆಟಿಸ್ ಮತ್ತು ಯೂರಿನೋಮೆ ಹಿಡಿದುಕೊಂಡರು, ಒಂಬತ್ತು ವರ್ಷ ಅವರ ಗುಹೆಯಲ್ಲಿ ಒಡವೆ ಮಾಡಿಕೊಂಡಿದ್ದೆ ಅನ್ನುತ್ತಾನೆ. ಎರಡರಲ್ಲಿ ಯಾವುದು ಮೂಲ ಕಥೆ ಅನ್ನೋದು ಪಂಡಿತರ ಜಗಳ. ಮನಸ್ಸು ಓದುವವನಿಗೆ ಎರಡೂ ಬೇಕು. ಅಮ್ಮನೆದುರು ಅಪ್ಪನ ತಪ್ಪು, ಅಮ್ಮನ ಬೆನ್ನಹಿಂದೆ ಅಮ್ಮನ ತಪ್ಪು. ಅಮ್ಮನ ಮುಖ ನೋಡಿ ಈ ಎರಡನೆಯದನ್ನು ಹೇಳುವ ಪ್ರಸಂಗ ಇಡೀ ಇಲಿಯಡ್‌ನಲ್ಲಿ ಬರುವುದಿಲ್ಲ.

ಅದೇ ಸರ್ಗದಲ್ಲಿ ಥೆಟಿಸ್ ಕುಲುಮೆಗೆ ಬಂದಾಗ ಅವನು ಬೆವರು ಸುರಿಸುತ್ತ 20 ಮುಕ್ಕಾಲಿಪೀಠ ಮಾಡುತ್ತಿರುತ್ತಾನೆ, ತಾವಾಗಿಯೇ ಸಭೆಗೆ ಉರುಳಿ ಹೋಗಿ ಬರಲು ಪ್ರತಿಯೊಂದಕ್ಕೂ ಚಿನ್ನದ ಗಾಲಿ. ಹಿಡಿಗಳು ಇನ್ನೂ ಕೂತಿಲ್ಲ, ಅವುಗಳ ಮೊಳೆ ಬಡಿಯುತ್ತಿದ್ದಾನೆ. ನೆಂಟಳು ಬಂದಳೆಂದು ಕೇಳಿ ತಿದಿಗಳನ್ನು ಬೆಂಕಿಯಿಂದ ದೂರ ಸರಿಸಿ, ಹತ್ಯಾರಗಳನ್ನೆಲ್ಲ ಬೆಳ್ಳಿ ಪೆಟ್ಟಿಗೆಗೆ ತುಂಬಿ, ಸ್ಪಂಜಿನಿಂದ ಮುಖ, ಕೈ, ಕುತ್ತಿಗೆ, ಎದೆ ಒರೆಸಿಕೊಂಡು, ಕೋಲೂರಿ ಹೊರಗೆ ಬರುತ್ತಾನೆ. ಥೆಟಿಸ್ ಅಳುತ್ತ ತನ್ನ ಮಗ, ಟ್ರಾಯ್ ಯುದ್ಧದ ವೀರ ಅಕಿಲೀಸ್‌ಗೆ ಕವಚ ಕೇಳುತ್ತಾಳೆ. ಅಕಿಲೀಸ್ ಸಾಯುವವನೇ ಅಂತ ಇಬ್ಬರಿಗೂ ಗೊತ್ತು. ಹೆಫೈಸ್ಟಸ್ ಕೊಡುವ ಉತ್ತರದ ಸಾರ ಇಷ್ಟು: ಸಾವಿನಿಂದ ಅವನನ್ನು ಬಚ್ಚಿಡುವುದು ನನ್ನ ಕೈಲಿದ್ದಿದ್ದರೆ! ಅದು ಆಗದು, ಕವಚವನ್ನಂತೂ ನೋಡಿದವರು ಬೆರಗಾಗುವ ಹಾಗೆ ಮಾಡಿಕೊಡುತ್ತೇನೆ. ತಕ್ಷಣ ಎದ್ದು 20 ತಿದಿಗಳಿಗೆ ಅಪ್ಪಣೆ ಕೊಟ್ಟು ಕೆಲಸಕ್ಕೆ ಇಳಿಯುತ್ತಾನೆ. ಐದು ಪದರದ ಗುರಾಣಿ: ಕಂಚು ಎರಡು, ತವರ ಎರಡು, ಚಿನ್ನ ಒಂದು.

ಈ ಗಂಡಸು ನಿಮಗೆ ಪರಿಚಯ ಇದ್ದೇ ಇರುತ್ತಾನೆ. ಹೆಂಡತಿ ಅಳುತ್ತ ಕೂತರೆ ಪಕ್ಕ ಕೂರಲಾರ, ಸೋರುವ ನಲ್ಲಿ ರಿಪೇರಿಗೆ ಹೊರಡುತ್ತಾನೆ. ಪ್ರೀತಿ ಇಲ್ಲ ಅಂತಲ್ಲ, ಅದು ಹೊರಬರೋದೇ ಕೈಯಿಂದ. ಮಾತಿನಲ್ಲಿ ಕೇಳಿದರೆ ಸಿಕ್ಕುವುದಿಲ್ಲ, ಮಾಡಿಕೊಟ್ಟದ್ದನ್ನು ಗುರುತಿಸಿದರೆ ಮಾತೂ ನಿಧಾನವಾಗಿ ಬರುತ್ತದೆ. ಥೆಟಿಸ್ ಬಳಿ ಅವನು ಅಷ್ಟು ಸಲೀಸಾಗಿ ಮಾತಾಡುವುದು ಅವಳ ಋಣ ಇದೆ ಅಂತಲೂ ಹೌದು, ಅವಳು ಅವನ ಕಾಲು ನೋಡಿ ನಕ್ಕವಳಲ್ಲ ಅಂತಲೂ ಹೌದು.

ಕೆಡುವುದು ಎಲ್ಲಿ? ಅದು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯ ಎಂಟನೇ ಸರ್ಗದಲ್ಲಿದೆ. ಅಲ್ಲಿ ಅವನ ಹೆಂಡತಿ ಪ್ರೇಮದೇವತೆ ಅಫ್ರೊಡೈಟಿ, ಅವಳಿಗೆ ಏರೀಸ್ ಜತೆ ಸಂಬಂಧ. ಸೂರ್ಯ ಬಂದು ಸುದ್ದಿ ಹೇಳುತ್ತಾನೆ. ಹೆಫೈಸ್ಟಸ್ ಅವಳನ್ನು ಒಂದು ಮಾತೂ ಕೇಳುವುದಿಲ್ಲ. ನೆಟ್ಟಗೆ ಕುಲುಮೆಗೆ ಹೋಗಿ ಜೇಡರ ಬಲೆಯಷ್ಟು ನವಿರಾದ, ಕಣ್ಣಿಗೆ ಕಾಣದ ಬಲೆ ಮಾಡಿ ಮಂಚಕ್ಕೆ ಕಟ್ಟುತ್ತಾನೆ, ಲೆಮ್ನೋಸ್‌ಗೆ ಹೊರಟವನಂತೆ ನಟಿಸುತ್ತಾನೆ. ಇಬ್ಬರೂ ಸಿಕ್ಕಿಬಿದ್ದಾಗ ಬಾಗಿಲಲ್ಲಿ ನಿಂತು ಎಲ್ಲ ದೇವರನ್ನೂ ಕೂಗಿ ಕರೆಯುತ್ತಾನೆ, ಕೊಟ್ಟ ಕನ್ಯಾಶುಲ್ಕ ವಾಪಸ್ ಬೇಕು ಅನ್ನುತ್ತಾನೆ. ದೇವಿಯರು ನಾಚಿ ಮನೆಯಲ್ಲೇ ಉಳಿದರು, ಬಂದ ಗಂಡಸರು ನಕ್ಕರು. ಇದರ ಮೂರರಷ್ಟು ಕಟ್ಟು ಬಿಗಿದರೂ ಅವಳ ಪಕ್ಕ ಮಲಗುತ್ತಿದ್ದೆ ಅಂತ ಹರ್ಮೀಸ್ ಜೋಕು ಹೊಡೆದ. ನಗದವನು ಪೊಸೈಡನ್ ಒಬ್ಬನೇ, ಅವನೇ ಜಾಮೀನು ನಿಂತು ಬಿಡಿಸಿದ. ಏರೀಸ್ ಥ್ರೇಸ್‌ಗೆ ಹೋದ, ಅಫ್ರೊಡೈಟಿ ಪಾಫೋಸ್‌ಗೆ ಹೋಗಿ ಮಿಂದು ಹೊಸ ಸೀರೆ, ಅಲ್ಲ, ಹೊಸ ವಸ್ತ್ರ ಉಟ್ಟಳು. ಬಲೆ ಅದ್ಭುತವಾಗಿ ಕೆಲಸ ಮಾಡಿತ್ತು, ಹೆಂಡತಿ ಮಾತ್ರ ಉಳಿಯಲಿಲ್ಲ. ಇವತ್ತಿನ ಬಲೆ ಅಂದರೆ ಸ್ಕ್ರೀನ್‌ಶಾಟ್. ತಿಂಗಳುಗಟ್ಟಲೆ ಸದ್ದಿಲ್ಲದೆ ಸಾಕ್ಷ್ಯ ಜೋಡಿಸಿ ಒಂದು ದಿನ ಫ್ಯಾಮಿಲಿ ಗ್ರೂಪಿಗೆ ಸುರಿಯುವವನು ಇದೇ ಜಾಡಿನಲ್ಲಿದ್ದಾನೆ.

ನಮ್ಮಲ್ಲಿ ಇನ್ನೊಂದು ಅವಸರ ಇದೆ. ಜೀಯಸ್ ಅಂದರೆ ಇಂದ್ರ, ಹೆಫೈಸ್ಟಸ್ ಅಂದರೆ ವಿಶ್ವಕರ್ಮ ಅಂತ ಸಮ ಮಾಡಿಬಿಡುವುದು. ಜೀಯಸ್ ಮತ್ತು ವೇದದ ದ್ಯೌಸ್ ಒಂದೇ ಬೇರಿನ ಪದಗಳು, ಅದು ಸರಿ. ಆದರೆ ವಿಶ್ವಕರ್ಮನನ್ನು ಹೆತ್ತವಳು ಸ್ವರ್ಗದಿಂದ ಎಸೆದ ಕಥೆ ಇಲ್ಲ. ಆ ಏಟನ್ನು ತೆಗೆದರೆ ಉಳಿಯುವುದು ಬರೀ ಉದ್ಯೋಗ.

ಉಳಿದವರ ಬಗ್ಗೆ ಚುಟುಕಾಗಿ. ಜೀಯಸ್‌ನ ರೋಗ ಉತ್ತರಾಧಿಕಾರಿಯ ಭಯ. ಅಪ್ಪ ಕ್ರೋನಸ್ ಮಕ್ಕಳನ್ನು ನುಂಗಿದ, ಇವನು ಗರ್ಭಿಣಿ ಹೆಂಡತಿ ಮೇಟಿಸ್‌ಳನ್ನೇ ನುಂಗಿದ. ಎಪ್ಪತ್ತೈದಾದರೂ ಅಂಗಡಿಯ ಬೀಗದ ಕೈ ಮಗನಿಗೆ ಕೊಡದ ಯಜಮಾನರು ಕ್ವಿಜ್‌ನಲ್ಲಿ ಜೀಯಸ್ ಬಂತೆಂದು ಖುಷಿಪಡುವ ಮುಂಚೆ ಇದನ್ನು ಓದಲಿ. ಏರೀಸ್ ಬರೀ ರೌಡಿ ಅಲ್ಲ: ಇಲಿಯಡ್‌ನ ಹದಿನೈದನೇ ಸರ್ಗದಲ್ಲಿ ಮಗ ಅಸ್ಕಲಾಫಸ್ ಸತ್ತ ಸುದ್ದಿ ಕೇಳಿ ತೊಡೆ ತಟ್ಟಿಕೊಂಡು ಅತ್ತು, ಸಿಡಿಲು ಬಡಿದರೂ ಸರಿ ಸೇಡು ತೀರಿಸುತ್ತೇನೆ ಅಂತ ಹೊರಡುತ್ತಾನೆ. ಅಥೀನಾ ಓಡಿ ಬಂದು ಅವನ ಶಿರಸ್ತ್ರಾಣ, ಗುರಾಣಿ, ಈಟಿ ಕಿತ್ತಿಡುತ್ತಾಳೆ. ಸಿಟ್ಟಿನ ತಳದಲ್ಲಿ ದುಃಖ ಇರುವವನಿಗೆ ಉಪದೇಶಕ್ಕಿಂತ ಮೊದಲು ಕೈಲಿರುವ ಆಯುಧ ತೆಗೆಯಬೇಕು, ಬೈಕಿನ ಕೀಲಿಯೂ ಸೇರಿ. ಹರ್ಮೀಸ್, ಹೇಡೀಸ್ ಬಗ್ಗೆ ಬೇರೆ ಬರಹವೇ ಬೇಕು.

ಬಳಸುವುದು ಹೇಗೆ? "ನಾನು ಯಾರು" ಅಂತ ಕೇಳಬೇಡಿ, ಮನಸ್ಸು ಹೊಗಳಿಕೆಯ ಉತ್ತರವನ್ನೇ ಕೊಡುತ್ತದೆ. ಒಂದು ವಾರ ದಿನಕ್ಕೆ ಮೂರು ಸಾಲು ಬರೆಯಿರಿ: ಇವತ್ತು ಯಾರ ಮೇಲೆ ರೇಗಿತು, ಆಗ ಕೈ ಏನು ಮಾಡಿತು, ಹೇಳದೆ ನುಂಗಿದ ಮಾತು ಯಾವುದು. ಕೈ ಮೇಲೆದ್ದರೆ ಒಂದು ದೇವರು, ಗಾಡಿ ತೊಳೆಯಲು ಹೋದರೆ ಇನ್ನೊಬ್ಬ, ತಮಾಷೆ ಮಾಡಿ ಜಾರಿಕೊಂಡರೆ ಮತ್ತೊಬ್ಬ. ಏಳು ದಿನದಲ್ಲಿ ಇಬ್ಬರು ಮೂವರಾದರೂ ಸಿಗುತ್ತಾರೆ. ಒಬ್ಬನೇ ಸಿಕ್ಕರೆ ನೀವು ಎಲ್ಲೋ ಸುಳ್ಳು ಬರೆದಿದ್ದೀರಿ. ಇದು ಅಳತೆಯ ಪರೀಕ್ಷೆ ಅಲ್ಲ, ರೋಗನಿರ್ಣಯವಂತೂ ಅಲ್ಲ. ನಿದ್ದೆ ಹೋಗಿ, ಬದುಕು ಬೇಡವೆನಿಸುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. "ನಾನು ಏರೀಸ್, ನಾನಿರೋದೇ ಹಿಂಗೆ" ಅಂತ ಹೆಂಡತಿಗೆ ಹೇಳುವುದಕ್ಕಂತೂ ಇದನ್ನು ಬಳಸಲೇಬೇಡಿ.

ಇನ್ನು ಎಸೆಯಲ್ಪಟ್ಟವನು ಮನೆಗೆ ಮರಳಿದ್ದು ಹೇಗೆ ಅಂದರೆ: ಅಮ್ಮನಿಗೆ ಚಿನ್ನದ ಸಿಂಹಾಸನ ಕಳಿಸಿದ, ಕೂತವಳು ಏಳಲಾರದೆ ಸಿಕ್ಕಿಕೊಂಡಳು. ಏರೀಸ್‌ನ ಬಲವಂತಕ್ಕೆ ಅವನು ಜಗ್ಗಲಿಲ್ಲ. ಮದ್ಯದ ದೇವರು ಡಯೊನೈಸಸ್ ಹೋಗಿ ಕುಡಿಸಿ, ಹೇಸರಗತ್ತೆಯ ಮೇಲೆ ಕೂರಿಸಿ ಕರೆತಂದ. ಕ್ರಿ.ಪೂ. 570ರ ಆಸುಪಾಸಿನ, ಫ್ಲಾರೆನ್ಸ್‌ನಲ್ಲಿರುವ ಫ್ರಾಂಸ್ವಾ ಕಲಶದ ಮೇಲೆ ಆ ಮೆರವಣಿಗೆ ಇದೆ. ಸೋತ ಏರೀಸ್ ಹೀರಾಳ ಹಿಂದೆ ಮುದುರಿ ಕೂತಿದ್ದಾನೆ. ಮುಂದೆ ಡಯೊನೈಸಸ್, ಹಿಂದೆ ಹೇಸರಗತ್ತೆಯ ಮೇಲೆ ಹೆಫೈಸ್ಟಸ್. ಚಿತ್ರಕಾರ ಕ್ಲೀಟಿಯಾಸ್ ಅವನ ತಿರುಚಿದ ಪಾದವನ್ನು ಮರೆಮಾಡದೆ, ಹಿಂದುಮುಂದಾಗಿ, ಹಾಗೇ ಬರೆದಿದ್ದಾನೆ.