ತಟ್ಟೆ ಅವಳ ಮಡಿಲು ದಾಟಿ ಹೋಯಿತು

ಭಾನುವಾರ ಬಂಗಾರಪೇಟೆಗೆ ಹೋಗಿದ್ದೆ, ಅಮ್ಮನ ಜೊತೆ ನಮ್ಮ ಕ್ರೈಸ್ತ ಸಭೆಯ ಆರಾಧನೆಗೂ ಹೋದೆ. ಬಂದಾಗಿನಿಂದ ಸಂಕಟ ತಡೆಯಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಸಭೆ ಯಾವುದು ಅಂತ ನನ್ನನ್ನು ಬಲ್ಲವರಿಗೆ ಗೊತ್ತು. ಇಲ್ಲಿ ಹೆಸರು ಬೇಡ, ಅಮ್ಮ ಇನ್ನೂ ಅಲ್ಲೇ ಇದ್ದಾರೆ.

ನಮ್ಮಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ಪ್ರತಿ ಭಾನುವಾರ ರೊಟ್ಟಿ ಮುರಿಯುತ್ತಾರೆ. ಸ್ಟೀಲ್ ತಟ್ಟೆಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ರೊಟ್ಟಿ. ಚಾಪೆಯ ಮೇಲೆ ಕೂತವರ ಕೈಯಿಂದ ಕೈಗೆ ತಟ್ಟೆ ಬರುತ್ತದೆ. ನನ್ನ ಮುಂದಿನ ಸಾಲಿನಲ್ಲಿ ತಾಯಿ, ಮಗಳು ಕೂತಿದ್ದರು. ಹುಡುಗಿಗೆ ಇಪ್ಪತ್ತೋ ಇಪ್ಪತ್ತೊಂದೋ. ತಾಯಿ ತಾನೊಂದು ಚೂರು ಮುರಿದುಕೊಂಡು, ತಟ್ಟೆಯನ್ನು ಮಗಳಿಗೆ ಕೊಡದೆ, ಅವಳ ಮಡಿಲ ಮೇಲಿಂದ ಕೈ ಚಾಚಿ ಆಚೆಯವರಿಗೆ ಕೊಟ್ಟರು. ಆ ಕೈ ನಡುಗುತ್ತಿತ್ತು. ಹುಡುಗಿ ಮುಸುಕು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಹಿಂದೆಯೇ ದ್ರಾಕ್ಷಾರಸದ ಲೋಟವೂ ಹಾಗೇ ದಾಟಿ ಹೋಯಿತು.

ಎಂಟು ತಿಂಗಳಿಂದ ಹೀಗೇ ಅಂತೆ.

ಅವಳು ಮಾಡಿದ್ದೇನು? ದೊಡ್ಡಮ್ಮನ ಮಗಳ ಮದುವೆಗೆ ಹೋಗಿ, ಛತ್ರದಲ್ಲಿ ತಲೆಗೆ ಮಲ್ಲಿಗೆ ಮುಡಿದು ಫೋಟೋಗೆ ನಿಂತಳು. ನಮ್ಮಲ್ಲಿ ಹೂ ಮುಡಿಯುವುದು ತಪ್ಪು. ಯಾರೋ ಆ ಫೋಟೋವನ್ನು ಸಭೆ ನಡೆಸುವ ಹಿರಿಯರಿಗೆ ಕಳಿಸಿದರು. ಹಿರಿಯರು ಇರುವುದು ಬೇರೆ ಊರಿನಲ್ಲಿ. ಈಗ ಐದು ಸಭೆಗೆ ಅವರೊಬ್ಬರೇ, ಮೂರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು: ಬಂದು ವಿಚಾರಿಸುವ ತನಕ ಆ ಸಹೋದರಿ ರೊಟ್ಟಿ ಮುಟ್ಟಬಾರದು. ಆಮೇಲೆ ಎರಡು ಸಲ ಬಂದರಂತೆ. ಒಂದು ಸಲ ಸಾವಿನ ಕೆಲಸಕ್ಕೆ, ಇನ್ನೊಂದು ಸಲ ಜಾಗದ ತಕರಾರಿಗೆ. ಇವಳ ವಿಷಯಕ್ಕೆ ಹೊತ್ತು ಸಿಗಲಿಲ್ಲ.

ಹಿರಿಯರು ಕಡಿಮೆಯಾದರೆ ಹಿಡಿತ ಸಡಿಲವಾಗುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನೋಡಿದ್ದು ಬೇರೆ. ಶಿಕ್ಷೆ ಕೊಡಲು ಹಿರಿಯರು ಊರಲ್ಲಿ ಇರಬೇಕಾಗಿಲ್ಲ, ಫೋನ್ ಇದ್ದರೆ ಸಾಕು. ಕ್ಷಮಿಸುವುದಕ್ಕೆ ಮಾತ್ರ ಮನೆಗೆ ಬರಬೇಕು, ಕೂರಬೇಕು, ಕಾಫಿ ಕುಡಿಯಬೇಕು, ಆ ಹುಡುಗಿಯ ಮುಖ ನೋಡಬೇಕು. ಹಿರಿಯರಿಲ್ಲದ ಊರಲ್ಲಿ ನಿಂತುಹೋಗಿರುವುದು ಈ ಎರಡನೆಯದು.

ನಾನು ಚಿಕ್ಕವಳಿದ್ದಾಗ ನಮಗೆ ಮೂವರು ಹಿರಿಯರಿದ್ದರು. ಅವರಲ್ಲೊಬ್ಬರು ಗಡಿಯಾರ ರಿಪೇರಿ ಅಂಗಡಿಯ ತಾತ. ಬಹಳ ಕಟ್ಟುನಿಟ್ಟು. ಹದಿನೇಳನೇ ವಯಸ್ಸಿನಲ್ಲಿ ಗೆಳತಿಯರ ಜೊತೆ ಸಿನಿಮಾಗೆ ಹೋದೆ ಅಂತ ನನ್ನನ್ನೂ ರೊಟ್ಟಿಯಿಂದ ನಿಲ್ಲಿಸಿದ್ದರು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಇವತ್ತಿಗೂ ಅವರು ಮಾಡಿದ್ದು ಸರಿ ಅನ್ನುವುದಿಲ್ಲ. ಆದರೆ ಮೂರನೇ ದಿನ ಸಂಜೆ ಅಂಗಡಿ ಮುಚ್ಚಿ ಸೈಕಲ್‌ನಲ್ಲಿ ಮನೆಗೆ ಬಂದರು. ಗಡಿಯಾರದ ಎಣ್ಣೆ ಮೆತ್ತಿದ ಬೆರಳಿನಲ್ಲೇ ಕಾಫಿ ಲೋಟ ಹಿಡಿದು, ಹೊಸಿಲ ಪಕ್ಕ ಕೂತು, ಓದು ಹೇಗಿದೆ, ಗಣಿತ ಕಷ್ಟವಾ ಅಂತ ಕೇಳಿದರು. ಸಿನಿಮಾದ ಮಾತೇ ಎತ್ತಲಿಲ್ಲ. ಹೋಗುವಾಗ ಪ್ರಾರ್ಥನೆ ಮಾಡಿ ಅವರೇ ಅತ್ತುಬಿಟ್ಟರು. ಮೂರನೇ ಭಾನುವಾರ ತಟ್ಟೆ ನನ್ನ ಕೈಗೆ ಬಂತು.

ಆ ಮೂವರೂ ತೀರಿಕೊಂಡರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯ ಗಂಡಸರ ಬದುಕೆಲ್ಲ ಬೆಂಗಳೂರಿನ ರೈಲಿನಲ್ಲೇ. ಬೆಳಕು ಹರಿಯುವ ಮುಂಚೆ ಹೋದವರು ರಾತ್ರಿ ಬರುತ್ತಾರೆ. ಯಾರ ಮನೆಗೆ ಹೋಗಿ ಕೂರುವುದು ಯಾವಾಗ? ಅದೊಂದೇ ಕಾರಣವೂ ಅಲ್ಲ. ಹಿರಿಯನಾಗಬೇಕಾದವನು ಹೇಗಿರಬೇಕು ಅಂತ ಬೈಬಲಿನ ಪತ್ರಿಕೆಗಳಲ್ಲಿ ಪೌಲ ತನ್ನ ಜೊತೆಗಾರರಾದ ತಿಮೊಥೆಗೂ ತೀತನಿಗೂ ಬರೆದಿದ್ದಾನೆ: ಒಬ್ಬಳೇ ಹೆಂಡತಿ, ಮಾತು ಕೇಳುವ ಮಕ್ಕಳು, ಆ ಮಕ್ಕಳೂ ನಂಬಿಕೆಯಲ್ಲಿರಬೇಕು. ನಮ್ಮಲ್ಲಿ ಇದನ್ನು ಅಕ್ಷರಕ್ಕೆ ಅಕ್ಷರ ಹಿಡಿಯುತ್ತಾರೆ. ಮಗ ಸಭೆ ಬಿಟ್ಟನೋ, ಮಗಳು ಹೊರಗಿನವನನ್ನು ಮದುವೆಯಾದಳೋ, ಅಪ್ಪ ಹಿರಿಯನಾಗಿ ಉಳಿಯುವ ಹಾಗಿಲ್ಲ. ಬಿಗಿ ಹೆಚ್ಚಿದಷ್ಟೂ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದಷ್ಟೂ ಅಪ್ಪಂದಿರು ಅನರ್ಹರಾಗುತ್ತಾರೆ, ಉಳಿದ ಒಬ್ಬರ ಕೈಗೆ ಇನ್ನೊಂದು ಸಭೆ ಸೇರುತ್ತದೆ. ಕೂಡುವ ನಲವತ್ತು ಜನರಲ್ಲಿ ಮುಕ್ಕಾಲು ಪಾಲು ಹೆಂಗಸರು. ಬೀಗ ತೆಗೆಯುವವರು, ಗುಡಿಸುವವರು, ಕಾಯಿಲೆಯವರಿಗೆ ಗಂಜಿ ಒಯ್ಯುವವರು ಎಲ್ಲ ಅವರೇ. ಅವರಲ್ಲಿ ಒಬ್ಬರೂ ಹಿರಿಯರಾಗುವ ಹಾಗಿಲ್ಲ.

ಹಿರಿಯರಿಲ್ಲದ ಆ ಖಾಲಿ ಜಾಗ ಖಾಲಿಯಾಗಿ ಉಳಿಯುವುದೂ ಇಲ್ಲ. ಯಾರ ಹತ್ತಿರ ಅವರ ನಂಬರ್ ಇದೆಯೋ, ಯಾರು ಮೊದಲು ಫೋನ್ ಮಾಡುತ್ತಾರೋ, ಅವರ ಮಾತೇ ಅಲ್ಲಿ ಸಾಕ್ಷಿ. ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ ಕ್ರಮ ಎಷ್ಟು ಸ್ಪಷ್ಟವಾಗಿದೆ! ಮೊದಲು ನೀನೊಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ಈ ಹುಡುಗಿಯ ಹತ್ತಿರ ಮೊದಲನೆಯದಕ್ಕೂ ಯಾರೂ ಹೋಗಲಿಲ್ಲ, ನೇರವಾಗಿ ಫೋಟೋ ಹೋಯಿತು.

ಇದು ನಮ್ಮೂರಿನದೊಂದೇ ಕಥೆಯಲ್ಲ. ನಮ್ಮ ಸಭೆಗೆ ಸಂಬಂಧವಿಲ್ಲದ, ಹತ್ತೊಂಬತ್ತನೇ ಶತಮಾನದಲ್ಲಿ ಐರ್ಲೆಂಡ್, ಇಂಗ್ಲೆಂಡಿನ ಕಡೆ ಹುಟ್ಟಿದ ಬ್ರೆದರನ್ ಅನ್ನುವ ಕ್ರೈಸ್ತ ಪಂಗಡದ ಚರಿತ್ರೆ ನೋಡಿ. ಅದರ ಮುಂದಾಳುಗಳಲ್ಲಿ ಒಬ್ಬರಾದ ಜಾನ್ ನೆಲ್ಸನ್ ಡಾರ್ಬಿ ಅನ್ನುವವರು, ಯೇಸು ಕಳಿಸಿದ ಅಪೊಸ್ತಲರೇ ಇಲ್ಲದ ಮೇಲೆ ಹಿರಿಯರನ್ನು ನೇಮಿಸುವ ಅಧಿಕಾರ ಯಾರಿಗೂ ಇಲ್ಲ ಎಂದು ಕಲಿಸಿದರು. ಕೇಳಲು ಎಷ್ಟು ಬಿಡುಗಡೆಯ ಮಾತು. ಆದರೆ 1848ರ ಒಡಕಿನಲ್ಲಿ ಡಾರ್ಬಿಯ ಜೊತೆ ನಿಂತ, ಹೊರಗಿನವರನ್ನು ದೂರವಿಡುವ ‘ಎಕ್ಸ್‌ಕ್ಲೂಸಿವ್’ ಶಾಖೆಯಲ್ಲಿ ಮುಂದೆ ಆದದ್ದೇನು? 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿದ್ದ ಜೇಮ್ಸ್ ಟೇಲರ್ ಜೂನಿಯರ್ ಒಬ್ಬರ ಮಾತು ಲೋಕದ ಮೂಲೆ ಮೂಲೆಯ ಸಭೆಗಳಲ್ಲಿ ನಡೆಯಿತು. ಹೊರಗಿನವರ ಜೊತೆ ಊಟಕ್ಕೆ ಕೂರಬಾರದು ಅಂದರು. ಒಂದೇ ಮನೆಯಲ್ಲಿ ಗಂಡ ಹೆಂಡತಿ, ಅಪ್ಪ ಮಕ್ಕಳು ಬೇರೆ ಬೇರೆ ಮೇಜಿಗೆ ಹೋದರು. ಇಲ್ಲಪ್ಪಾ, ಈ ಮುದುಕಿ ತಾಯಿ ಮಗನ ಜೊತೆ ಉಣ್ಣಲಿ ಬಿಡು ಅಂತ ಹೇಳುವ ಅಧಿಕಾರ ಊರಲ್ಲಿ ಯಾರಿಗೂ ಇರಲಿಲ್ಲ. 1970ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಟೇಲರ್ ಅವರದೇ ನಡತೆಯ ಬಗ್ಗೆ ಗಲಾಟೆ ಎದ್ದ ನಂತರ ದೊಡ್ಡ ಸಂಖ್ಯೆಯಲ್ಲಿ ಜನ ಬಿಟ್ಟುಹೋದರು.

ಅದೇ ಪಂಗಡದ ಮೊದಲ ದಿನಗಳಲ್ಲಿದ್ದ ಆಂಥನಿ ನಾರಿಸ್ ಗ್ರೋವ್ಸ್ ಇದನ್ನು ಮೊದಲೇ ಕಂಡಿದ್ದರು. 1836ರಲ್ಲೇ ಡಾರ್ಬಿಗೆ ಕಾಗದ ಬರೆದು, ಜನರ ಒಳ್ಳೆಯತನದಿಂದ ದೂರವಾಗುವುದಕ್ಕಿಂತ ಅವರ ತಪ್ಪುಗಳನ್ನೆಲ್ಲ ಸಹಿಸಿಕೊಂಡು ಇರುವುದೇ ಮೇಲು ಎಂದರು. ಆ ಗ್ರೋವ್ಸ್ ಕೃಷಿ ಮಾಡಿಕೊಂಡು ಬದುಕಿದ್ದು ಚಿತ್ತೂರಿನಲ್ಲಿ. ಮುಳಬಾಗಿಲು, ಪಲಮನೇರು ದಾಟಿದರೆ ನಮಗೆ ಪಕ್ಕದ ಊರೇ.

“ಬಿಟ್ಟು ಬರಲಿ ಬಿಡು, ಯಾಕೆ ಅಲ್ಲೇ ಸಾಯಬೇಕು?” ಅಂತ ಕೆಲವು ಗೆಳೆಯರು ಈಗಾಗಲೇ ಮೆಸೇಜ್ ಮಾಡಿದ್ದಾರೆ. ದಯವಿಟ್ಟು ಅಷ್ಟು ಹಗುರಾಗಿ ಹೇಳಬೇಡಿ. ಅವಳ ತಾಯಿ ಅಲ್ಲಿ, ಅವಳ ಹಾಡು ಅಲ್ಲಿ, ನಾಳೆ ಅವಳ ಮದುವೆಗೆ ಗಂಡು ಹುಡುಕುವವರು ಅಲ್ಲಿ, ಅವಳ ಅಪ್ಪನನ್ನು ಮಣ್ಣು ಮಾಡಿದವರೂ ಅಲ್ಲೇ. ಅವಳಿಗೆ ಬೇಕಾಗಿರುವುದು ರೊಟ್ಟಿ, ಹೊರಗೆ ಹೋಗುವ ದಾರಿಯಲ್ಲ. ನಾನು ಬಿಟ್ಟೆ ಅಂತ ಅವಳೂ ಬಿಡಬೇಕು ಅನ್ನಲು ನಾನ್ಯಾರು?

ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 5ನೇ ಅಧ್ಯಾಯ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ, ಅಂಥವನ ಸಂಗಡ ಊಟ ಮಾಡಬಾರದು ಅನ್ನುವ ಮಾತು. ಎರಡನೇ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಅದೇ ಪೌಲ, ಶಿಕ್ಷೆ ಸಾಕು, ಈಗ ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿಹೋದಾನು ಅನ್ನುತ್ತಾನೆ. ಇದನ್ನು ಓದಿ ಹೇಳಲು ಈಗ ಊರಲ್ಲಿ ಯಾರೂ ಇಲ್ಲ.

ಒಂದು ಮಾತು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆರು ವರ್ಷದ ಹಿಂದೆ ನನ್ನ ತಮ್ಮನನ್ನು ಹಿರಿಯನಾಗು ಅಂತ ಕೇಳಿದ್ದರು. ಮೆತ್ತನೆಯ ಮನುಷ್ಯ, ಯಾರ ಮನೆಗೆ ಹೋದರೂ ಮೊದಲು ನೆಲದ ಮೇಲೆ ಕೂರುವವನು. ಬೇಡ ಅಂದಿದ್ದು ನಾನು. “ನಿನಗ್ಯಾಕೆ ಆ ಪಂಚಾಯಿತಿ, ನಿನ್ನ ಸಂಸಾರ ನೋಡ್ಕೋ” ಅಂದೆ. ಅವನು ನನ್ನ ಮಾತು ಕೇಳಿದ. ಅವನು ಒಪ್ಪಿಕೊಂಡಿದ್ದರೆ ಈ ಹುಡುಗಿಯ ಮನೆಗೆ ಎಂಟು ದಿನದಲ್ಲಿ ಹೋಗಿರುತ್ತಿದ್ದ.

ಸೋಮವಾರ ಬೆಳಿಗ್ಗೆ ನಾನೇ ಹೋದೆ. ಹುಡುಗಿ ಕಾಫಿ ತಂದುಕೊಟ್ಟು, “ಅಕ್ಕಾ, ಬ್ರದರ್ ಯಾವಾಗ ಬರ್ತಾರೋ ನಿಮಗೇನಾದ್ರೂ ಗೊತ್ತಾ?” ಅಂದಳು. ನನಗೆ ಗೊತ್ತಿರಲಿಲ್ಲ. ರಾತ್ರಿ ತಮ್ಮನಿಗೆ ಫೋನ್ ಮಾಡಿ, ಈಗಲಾದರೂ ಒಪ್ಪಿಕೋ ಕಣೋ, ಅವತ್ತು ನಾನು ಹೇಳಿದ್ದು ತಪ್ಪು ಅಂದೆ. ಹಿಂದೆ ರೈಲಿನ ಸದ್ದು, ಅವನಿನ್ನೂ ಮಾಲೂರು ದಾಟಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅಕ್ಕಾ, ಮಕ್ಕಳು ಎದ್ದಿರೋದನ್ನ ನಾನು ನೋಡೋದೇ ಭಾನುವಾರ ಒಂದು ದಿನ,” ಅಂದ.