ಮೂರು ಪ್ರತಿಯಲ್ಲಿ ಆಶುಹಾಸ್ಯ

ಸ್ಕ್ರಿಪ್ಟ್ ಇಲ್ಲದ ಕಾರ್ಯಕ್ರಮಕ್ಕೆ ಅನುಮತಿ ಕೊಡಲು ಅಡ್ಡಿಯಿಲ್ಲವಂತೆ. ಅದರ ಸ್ಕ್ರಿಪ್ಟನ್ನು ಮಾತ್ರ ಮೂರು ಪ್ರತಿ ಲಗತ್ತಿಸಬೇಕಂತೆ. ಮಲೆನಾಡಿನ ಒಂದು ಕಚೇರಿಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ ಕೂತಿದ್ದ ಕೇಸ್ ವರ್ಕರು ಮುಖದ ಒಂದು ಗೆರೆಯೂ ಅಲುಗದ ಹಾಗೆ ಈ ಮಾತು ಹೇಳಿದರು. ಇಷ್ಟು ಗಂಭೀರವಾಗಿ ಜೋಕು ಹೇಳಬಲ್ಲವರು ಬೆಂಗಳೂರಿನ ಯಾವ ಕ್ಲಬ್ಬಿನಲ್ಲೂ ಇಲ್ಲ ಎಂದು ನನ್ನ ಅಕ್ಕನ ಮಗ ಮೆಟ್ಟಿಲಿಳಿಯುತ್ತ ಪ್ರಮಾಣ ಮಾಡಿದ. ಈ ವಿಷಯದಲ್ಲಿ ಅವನ ಮಾತನ್ನು ನಂಬಬೇಕು. ಬೇರೆ ವಿಷಯಗಳಲ್ಲಿ ಬೇಡ.

ಅವನೊಬ್ಬ ಹಾಸ್ಯಾಭಿಮಾನಿ. ಕಟೌಟಿಗೆ ಹಾಲೆರೆದು ಸಂಜೆಗೆ ಮನೆ ಸೇರುವವರ ಅಭಿಮಾನ ವಾಸಿ, ಇವನದು ಇಪ್ಪತ್ತನಾಲ್ಕು ಗಂಟೆಯ ಕಾಯಿಲೆ. ಊಟಕ್ಕೆ ಕೂತರೆ ಸಾರಿಗೆ ಉಪ್ಪು ಸಾಲದು ಅನ್ನುವುದಿಲ್ಲ, 'ಸೆಟಪ್ ಚೆನ್ನಾಗಿತ್ತಮ್ಮ, ಪಂಚ್ ಬರ್ಲಿಲ್ಲ' ಅನ್ನುತ್ತಾನೆ. ತಿಥಿಯ ಮನೆಯಿಂದ ಬರುತ್ತ, 'ಮಾವ, ಭಟ್ರ ಟೈಮಿಂಗ್ ನೋಡಿದ್ಯಾ' ಅನ್ನುತ್ತಾನೆ. ಇಷ್ಟಾದರೂ ಅವನು ನಕ್ಕದ್ದನ್ನು ಕಂಡವರಿಲ್ಲ. ಅಪ್ಪಟ ಹಾಸ್ಯಾಭಿಮಾನಿ ನಗುವುದಿಲ್ಲ, ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ತಾಳ ಹಾಕುವ ಪೆನ್ಶನ್‌ದಾರರ ಹಾಗೆ ಕಣ್ಣು ಮುಚ್ಚಿ ತಲೆದೂಗುತ್ತಾನೆ. ಪಕ್ಕದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, 'ಕಾಲ್‌ಬ್ಯಾಕ್ ಹೆಂಗಿಟ್ಟ ನೋಡು, ಆಗ ಹೇಳಿದ್ದನ್ನೇ ಈಗ ತಂದ' ಎಂದು ಪಿಸುಗುಟ್ಟಿ ಅವರ ನಗುವನ್ನೂ ನಿಲ್ಲಿಸುತ್ತಾನೆ.

ಬೆಂಗಳೂರಿನಲ್ಲಿ ಯಾರದಾದರೂ ಶೋ ಇದ್ದರೆ ಬೆಳಗಿನ ಜನಶತಾಬ್ದಿ ಹತ್ತುತ್ತಾನೆ. ಮುಂದಿನ ಸಾಲೇ ಆಗಬೇಕು. ಹಿಂದೆ ಕೂತರೆ ದುಡ್ಡೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ, ಆದರೆ ಇವನು ಹೋಗುವುದೇ ಮರ್ಯಾದೆ ಕಳೆದುಕೊಳ್ಳುವುದಕ್ಕೆ. ಅದಕ್ಕೆ ಕ್ರೌಡ್ ವರ್ಕ್ ಎಂದು ಹೆಸರು. ವೇದಿಕೆಯ ಮೇಲಿದ್ದವರು ಮುಂದಿನ ಸಾಲಿನವರನ್ನು ಹಿಡಿದು, ಯಾವೂರು, ಏನು ಕೆಲಸ, ಮದುವೆ ಆಯ್ತಾ, ಯಾಕಾಗಲಿಲ್ಲ ಎಂದು ಕೇಳಿ ಎಲ್ಲರೆದುರು ನೀರಿಳಿಸುವುದು. ನಮ್ಮ ಕಡೆ ಮದುವೆಮನೆಯ ದೊಡ್ಡಮ್ಮಂದಿರು ಇದನ್ನು ಪುಕ್ಕಟೆ ಮಾಡುತ್ತಾರೆ. ಒಮ್ಮೆ ಒಬ್ಬ ಕಾಮಿಡಿಯನ್ ಇವನನ್ನು ನೋಡಿ, 'ಇದೇನು ಅಂಗಿಯೋ, ಶಾಮಿಯಾನದಲ್ಲಿ ಉಳಿದ ಬಟ್ಟೆಯೋ' ಅಂದನಂತೆ. ಆ ತುಣುಕು ಸ್ಟೇಟಸ್ಸಿಗೆ ಬಂತು, ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬಂತು, ಅಂಗಿ ಒಗೆಸಿಕೊಳ್ಳದೆ ಬೀರು ಸೇರಿತು. ಅದೇ ಅಂಗಿಗೆ ಹೆಚ್ಚುಕಡಿಮೆ ಅದೇ ಮಾತನ್ನು ತೀರ್ಥಹಳ್ಳಿ ಕಡೆಯ ಗೃಹಪ್ರವೇಶವೊಂದರಲ್ಲಿ ಅವನ ಚಿಕ್ಕಪ್ಪ ಅಂದಿದ್ದಕ್ಕೆ, ಎಲೆಯಲ್ಲಿ ಹೋಳಿಗೆ ಬಿಟ್ಟು ಎದ್ದು ಬಂದಿದ್ದ. ಚಿಕ್ಕಪ್ಪ ಟಿಕೆಟ್ ಇಟ್ಟಿರಲಿಲ್ಲ, ಅದೊಂದೇ ಅವರ ತಪ್ಪು.

ಸ್ಟ್ಯಾಂಡ್‌ಅಪ್ಪಿಗಿಂತ ಅವನ ಭಕ್ತಿ ಇಂಪ್ರಾವ್ ಕಡೆಗೆ ಜಾಸ್ತಿ. ಸ್ಟ್ಯಾಂಡ್‌ಅಪ್‌ನವರು ಐದು ನಿಮಿಷದ ಮಾತನ್ನು ತಿಂಗಳುಗಟ್ಟಲೆ, ಯಾರು ಬೇಕಾದರೂ ಹತ್ತಬಹುದಾದ ಓಪನ್ ಮೈಕುಗಳಲ್ಲಿ ಉಜ್ಜಿ ನಯ ಮಾಡಿ, ಈಗ ತಾನೇ ಹೊಳೆಯಿತೇನೋ ಎಂಬಂತೆ ಹೇಳುತ್ತಾರೆ. ಇಂಪ್ರಾವ್‌ನವರಿಗೆ ನಿಜವಾಗಿಯೂ ಈಗ ತಾನೇ ಹೊಳೆಯಬೇಕು. ಸಭೆಯಿಂದ ಒಂದು ಪದ ಕೇಳಿಕೊಂಡು ನಿಂತ ನಿಲುವಿನಲ್ಲೇ ದೃಶ್ಯ ಕಟ್ಟುತ್ತಾರೆ. ಈ ಕಲೆಯ ಗೋತ್ರ ಪ್ರವರ ಅಕ್ಕನ ಮಗನಿಗೆ ಬಾಯಿಪಾಠ: ಷಿಕಾಗೊದ ವಲಸಿಗರ ಮಕ್ಕಳಿಗಾಗಿ ಆಟಗಳನ್ನು ಕಟ್ಟಿದ ವಯೋಲಾ ಸ್ಪೋಲಿನ್, ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ 1959ರಲ್ಲಿ ಅದೇ ಊರಿನಲ್ಲಿ ತೆರೆದ ಸೆಕೆಂಡ್ ಸಿಟಿ, ಕುಸ್ತಿ ಅಖಾಡದ ಗದ್ದಲ ನಾಟಕಕ್ಕೂ ಬರಲಿ ಎಂದು ಕೆನಡಾದ ಕ್ಯಾಲ್ಗರಿಯಲ್ಲಿ ನಟರಿಗೆ ಪಂದ್ಯ ಹೂಡಿದ ಕೀತ್ ಜಾನ್‌ಸ್ಟನ್. ಡೆಲ್ ಕ್ಲೋಸ್ ಎಂಬ ಗುರುವಿನ ಕಥೆ ಬಂದಾಗ ಅವನ ಕಣ್ಣು ತುಂಬುತ್ತದೆ. ನನ್ನ ತಲೆಬುರುಡೆ ಷಿಕಾಗೊದ ಗುಡ್‌ಮನ್ ಥಿಯೇಟರಿಗೆ ಸೇರಲಿ, ಹ್ಯಾಮ್ಲೆಟ್ ಆಡುವಾಗ ಸತ್ತ ವಿದೂಷಕನ ಬುರುಡೆಯಾಗಿ ಪಾತ್ರ ಮಾಡಲಿ ಎಂದು ಉಯಿಲು ಬರೆದು ಆತ 1999ರಲ್ಲಿ ತೀರಿಕೊಂಡ. ಸಮಾರಂಭ ಮಾಡಿ ಬುರುಡೆ ಒಪ್ಪಿಸಿದ್ದೂ ಆಯಿತು. ಅದು ಅವನದಲ್ಲ, ಜೊತೆಗೆ ಕೆಲಸ ಮಾಡುತ್ತಿದ್ದಾಕೆ ದುಡ್ಡು ಕೊಟ್ಟು ತಂದದ್ದು ಎಂದು 2006ರಲ್ಲಿ ಬಯಲಾಯಿತು. ಸತ್ತ ಮೇಲೂ ಬುರುಡೆ ಬಿಟ್ಟ ಮನುಷ್ಯ.

ಇಂಪ್ರಾವ್‌ನ ಮೊದಲ ಪಾಠ 'ಹೌದು, ಮತ್ತೆ'. ಎದುರಿನವರು ಏನೇ ಹೇಳಲಿ, ಇಲ್ಲ ಅನ್ನುವ ಹಾಗಿಲ್ಲ. 'ಡಾಕ್ಟ್ರೇ, ನನ್ನ ಹೊಟ್ಟೇಲಿ ಆನೆ ಇದೆ' ಅಂದರೆ, 'ಹೌದು, ಮತ್ತೆ ಅದು ಸಕ್ರೆಬೈಲಿಂದು, ಮಾವುತ ಹೊರಗಡೆ ಕಾಯ್ತಿದಾನೆ' ಅನ್ನಬೇಕು. ಒಪ್ಪಬೇಕು, ಒಂದು ಸೇರಿಸಬೇಕು.

'ಇದನ್ನೇ ಅಲ್ವೇನೋ ನಿನ್ನಜ್ಜ ತಾಳಮದ್ದಲೆಯಲ್ಲಿ ಮಾಡ್ತಿದ್ದದ್ದು' ಅಂದೆ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೇವಸ್ಥಾನದಲ್ಲೋ ಯಾರದೋ ಜಗುಲಿಯಲ್ಲೋ ಕೂಟ ಸೇರುತ್ತದೆ. ಬರೆದಿರುವುದು ಭಾಗವತರು ಹೇಳುವ ಪದ್ಯ ಮಾತ್ರ. ಕೃಷ್ಣ ಅದಕ್ಕೆ ಏನರ್ಥ ಹೇಳುತ್ತಾನೆ, ಕೌರವ ಅದನ್ನು ಹೇಗೆ ತಿರುವಿ ಹಾಕುತ್ತಾನೆ ಎಂಬುದು ಆ ಹೊತ್ತಿಗೆ ಹುಟ್ಟಬೇಕು. ಸಂಧಾನ ಮುರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾವ ಮಾತಿಗೆ ಮುರಿಯುತ್ತದೆ ಎಂಬುದು ಅರ್ಥಧಾರಿಗಳಿಗೇ ಗೊತ್ತಿರುವುದಿಲ್ಲ. ಯಕ್ಷಗಾನದ ಹಾಸ್ಯಗಾರನಂತೂ ದೂತನಾಗಿ ಕುಣಿಯುತ್ತ ಬಂದು, ರಾವಣನ ಆಸ್ಥಾನದಲ್ಲಿ ನಿಂತು ಊರಿನ ರಸ್ತೆಯ ಹೊಂಡದ ವರದಿ ಒಪ್ಪಿಸುತ್ತಾನೆ. ಮುಂದಿನ ಕುರ್ಚಿಯಲ್ಲಿ ಪಂಚಾಯ್ತಿ ಅಧ್ಯಕ್ಷರು ಕೂತಿರುತ್ತಾರೆ. ಅವರೂ ನಗುತ್ತಾರೆ, ಬೇರೆ ದಾರಿಯಿಲ್ಲ. ಮಾಸ್ಟರ್ ಹಿರಣ್ಣಯ್ಯನವರು ಬೆಳಗಿನ ಪೇಪರಿನ ಸುದ್ದಿಯನ್ನು ಅಂದೇ ರಾತ್ರಿ ನಾಟಕದ ಮಾತಿಗೆ ಸೇರಿಸಿ ಮಂತ್ರಿಗಳನ್ನು ಝಾಡಿಸುತ್ತಿದ್ದರು. ಅಷ್ಟೇಕೆ, 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ, ಆಮೇಲೆ ಮುಖ್ಯಮಂತ್ರಿಯೂ ಆದ ಜೆ.ಎಚ್. ಪಟೇಲರು ಸದನದಲ್ಲಿ ನಗೆ ಎಬ್ಬಿಸಲು ಚೀಟಿ ನೋಡಿದವರಲ್ಲ.

'ಅದು ಬೇರೆ ಮಾವ' ಅಂದ ಅಕ್ಕನ ಮಗ. 'ಅದಕ್ಕೆ ಫಾರ್ಮ್ಯಾಟ್ ಇಲ್ಲ.'

ಫಾರ್ಮ್ಯಾಟ್ ಇರುವುದನ್ನು ಊರಿಗೆ ತೋರಿಸಬೇಕೆಂದು ಬೆಂಗಳೂರಿನ ನಾಲ್ಕು ಹುಡುಗ ಹುಡುಗಿಯರ ತಂಡವನ್ನು ಗೊತ್ತು ಮಾಡಿ, ಒಂದು ಸಭಾಂಗಣಕ್ಕೆ ಮುಂಗಡ ಕೊಟ್ಟು, ಅನುಮತಿಗೆ ಅರ್ಜಿ ಹಿಡಿದುಕೊಂಡು ಹೊರಟ. ಜೊತೆಗೆ ನಾನು, ಹಿರಿಯರೊಬ್ಬರಿದ್ದರೆ ಕೂರಿಸುತ್ತಾರೆ ಎಂಬ ನಂಬಿಕೆಯಿಂದ. ಕೂರಿಸಲಿಲ್ಲ.

ಕೇಸ್ ವರ್ಕರು ಅರ್ಜಿಯ ಮೇಲೆ ಪೆನ್ಸಿಲ್ ಓಡಿಸಿದರು. 'ಇಂಪ್ರೂವ್‌ಮೆಂಟಾ? ಅದು ನಮ್ಮಲ್ಲಿ ಬರಲ್ಲ ಕಣ್ರಿ, ನಗರಾಭಿವೃದ್ಧಿಯವರನ್ನ ಕೇಳಿ.'

'ಇಂಪ್ರಾವ್ ಸಾರ್. ಹಾಸ್ಯ. ಮೊದಲೇ ಏನೂ ಬರೆದಿರಲ್ಲ, ಅಲ್ಲಲ್ಲೇ ಹೇಳೋದು.'

'ಆಗುತ್ತೆ. ಮತ್ತೆ, ಏನು ಹೇಳ್ತೀರಿ ಅಂತ ಬರೆದು ಕೊಡಿ.'

'ಬರೆದ್ರೆ ಅದು ಇಂಪ್ರಾವ್ ಆಗಲ್ಲ ಸಾರ್.'

'ಆಗುತ್ತೆ. ಮತ್ತೆ, ಮೂರು ಪ್ರತಿ.'

'ಸಭಿಕರು ಒಂದು ಪದ ಕೊಡ್ತಾರೆ ಸಾರ್, ಅದು ಯಾವುದು ಅಂತ ನಮಗೇ ಗೊತ್ತಿರಲ್ಲ.'

'ಆಗುತ್ತೆ. ಮತ್ತೆ, ಆ ಸಭಿಕರ ಆಧಾರ್ ಜೆರಾಕ್ಸು.'

ನಾನು ನೋಡುತ್ತಲೇ ಇದ್ದೆ. ಆ ಮನುಷ್ಯ ಒಂದು ಸಲವೂ ಇಲ್ಲ ಅನ್ನಲಿಲ್ಲ. ಪ್ರತಿ ಮಾತಿಗೂ ಒಪ್ಪಿದರು, ಪ್ರತಿ ಮಾತಿಗೂ ಒಂದು ಸೇರಿಸಿದರು. ಜನ ಷಿಕಾಗೊಗೆ ಹೋಗಿ ಫೀಸು ಕಟ್ಟಿ ಕಲಿಯುವ ವಿದ್ಯೆ ಇವರಿಗೆ ಸರ್ವಿಸ್ಸಿನಲ್ಲೇ ಸಿದ್ಧಿಸಿದೆ. ಕೊನೆಯಲ್ಲಿ, ಯಾರ ಭಾವನೆಗೂ ಧಕ್ಕೆ ಬರುವುದಿಲ್ಲ ಎಂದು ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬೇಕೆಂದರು. ಯಾರ ಭಾವನೆ ಎಂದು ನಮೂದಿಸಬೇಕು ಎಂದು ನಾನು ಬಾಯಿ ಹಾಕಿದೆ. 'ಜಾಗ ಖಾಲಿ ಬಿಡಿ ಸಾರ್. ಅವರು ಆಮೇಲೆ ತುಂಬ್ಕೊಳ್ತಾರೆ' ಅಂದರು.

ಅವರನ್ನು ಬೈದು ಫಲವಿಲ್ಲ. 2021ರ ಜನವರಿ 1ರಂದು ಇಂದೋರಿನಲ್ಲಿ ಕಾಮಿಡಿಯನ್ ಮುನವ್ವರ್ ಫಾರೂಕಿಯನ್ನು ಶೋ ನಿಲ್ಲಿಸಿ ಹಿಡಿದುಕೊಂಡು ಹೋದರು. ಆಕ್ಷೇಪದ ಜೋಕನ್ನು ಆತ ಅಲ್ಲಿ ಹೇಳಿದ್ದನ್ನು ತೋರಿಸುವ ವಿಡಿಯೊ ಇರಲಿಲ್ಲ. ಆದರೂ ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಗುವಾಗ ಫೆಬ್ರವರಿ ಆಗಿತ್ತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅವನ ಶೋ ನಡೆಯಲೇ ಇಲ್ಲ. ಹೇಳದ ಜೋಕಿಗೆ ಜೈಲು ಸಿಗುವ ದೇಶದಲ್ಲಿ ಹುಟ್ಟದ ಜೋಕಿನ ಪ್ರತಿ ಕೇಳುವುದು ತರ್ಕಬದ್ಧವಾಗಿಯೇ ಇದೆ.

ಅಕ್ಕನ ಮಗ ಸ್ಕ್ರಿಪ್ಟ್ ಬರೆಯಲು ಕೂತ. 'ನಟ: ಯಾರಾದರೂ ಒಂದು ಪದ ಕೊಡಿ. ಸಭಿಕ 1 (ತನಗೆ ತಾನೇ ಹೊಳೆದವನಂತೆ): ಅಡಿಕೆ.' ಮುಂದಿನ ಸಾಲು, 'ಸಭಿಕರು ನಗುತ್ತಾರೆ.' ಕಚೇರಿಯಿಂದ ಅದು ಷರಾ ಸಮೇತ ವಾಪಸು ಬಂತು: 'ಎಷ್ಟು ಜನ? ನಗದಿದ್ದಲ್ಲಿ ಪರ್ಯಾಯ ವ್ಯವಸ್ಥೆ ಏನು?' ಅಡಿಕೆಗೆ ಕೆಂಪು ಶಾಯಿಯಲ್ಲಿ ಗೀಟು. ಧಾರಣೆ ಬಿದ್ದರೆ ನಿಮ್ಮ ಜೋಕಿನಿಂದಲೇ ಬಿತ್ತು ಅನ್ನುತ್ತಾರೆ, ಯಾಕೆ ಬೇಕು?

ಆಮೇಲೆ ಒಂದೊಂದೇ ಪದ ಹೋಗಿ ಬರತೊಡಗಿತು. 'ಮಂಗ'ಕ್ಕೆ ಅರಣ್ಯ, ಆರೋಗ್ಯ ಎರಡೂ ಇಲಾಖೆಗಳ ಅಭಿಪ್ರಾಯ ಬೇಕಂತೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲವಲ್ಲ. ವಿಮಾನ ನಿಲ್ದಾಣ ಬೇಡವೇ ಬೇಡ. 2023ರಲ್ಲಿ ಉದ್ಘಾಟನೆಯಾದ ಟರ್ಮಿನಲ್ಲು ಕಮಲದ ಆಕಾರದಲ್ಲಿದೆ, ಜೋಕು ಕಟ್ಟಡದ ಮೇಲೋ ಪಕ್ಷದ ಮೇಲೋ ಎಂದು ತೀರ್ಮಾನಿಸಲು ಸಮಿತಿ ಮಾಡಬೇಕಾಗುತ್ತದೆ. 'ಮುಳುಗಡೆ'ಯನ್ನು ಅಕ್ಕನ ಮಗನೇ ಹೊಡೆದು ಹಾಕಿದ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಎದ್ದುಹೋದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅದರಲ್ಲಿ ನಗುವಂಥದ್ದು ಅವನಿಗೂ ಕಾಣಲಿಲ್ಲ. (ಹುಡುಗ ಪೂರ್ತಿ ಕೆಟ್ಟಿಲ್ಲ ಎಂದು ನನಗೆ ಸಮಾಧಾನವಾದದ್ದು ಆಗಲೇ.) ಕೊನೆಗೆ ಪಾಸಾದ ಒಂದೇ ಪದ 'ಲಾಂಚು'. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ, ಅಲ್ಲಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಪರವಾಗಿ ನೋಯುವವರು ಯಾರೂ ಉಳಿದಿಲ್ಲ ಎಂದು ಕಡತದಲ್ಲಿ ಟಿಪ್ಪಣಿಯಾಯಿತಂತೆ.

ಅನುಮತಿ ಪತ್ರ ಕಾರ್ಯಕ್ರಮದ ದಿನ ಮಧ್ಯಾಹ್ನ ಕೈಗೆ ಬಂತು. ಸಂಜೆ ಸಭೆ ತುಂಬಿತ್ತು. ಪದ ಕೊಡಿ ಅಂದಾಗ ಇಡೀ ಸಭೆ ಒಕ್ಕೊರಲಿನಿಂದ 'ಲಾಂಚು' ಅಂದಿತು. ತಂಡದವರು ಪಾಪ ಲಾಂಚು ಹತ್ತಿದರು, ಇಳಿದರು, ಕಾರು ಹತ್ತಿಸಿದರು, ದನ ಹತ್ತಿಸಿದರು. ಮೊದಲೇ ಗೊತ್ತಿರುವ ಆಕಸ್ಮಿಕಕ್ಕೆ ಎಷ್ಟು ನಗೆ ಬರಬಹುದೋ ಅಷ್ಟೇ ಬಂತು. ಹಿಂದಿನ ಸಾಲಿನಲ್ಲಿ ಆಕಳಿಕೆ ಶುರುವಾದದ್ದನ್ನು ಕಂಡು ತಂಡದ ಹುಡುಗಿಯೊಬ್ಬಳು ಸೈಡ್ ವಿಂಗಿಗೆ ಹೋಗಿ ಆ ಅನುಮತಿ ಪತ್ರವನ್ನೇ ತಂದು, ಯಾವ ಅಭಿನಯವೂ ಇಲ್ಲದೆ ಓದತೊಡಗಿದಳು. ಸಭಿಕರು ಅನುಮೋದಿತ ಪದವನ್ನು ಮಾತ್ರ ಕೂಗತಕ್ಕದ್ದು. ನಗುವು ರಾತ್ರಿ 10 ಗಂಟೆಯೊಳಗಾಗಿ ಮುಕ್ತಾಯಗೊಳ್ಳತಕ್ಕದ್ದು. ಕಾರ್ಯಕ್ರಮದಲ್ಲಿ ಯಾವುದೇ ಅನಿರೀಕ್ಷಿತ ಸಂಗತಿ ಜರುಗದಂತೆ ಆಯೋಜಕರು ಮುಂಚಿತವಾಗಿ ಎಚ್ಚರ ವಹಿಸತಕ್ಕದ್ದು. ಮೊದಲು ಬಾಗಿಲ ಬಳಿ ಬಂದೋಬಸ್ತಿಗೆ ನಿಂತಿದ್ದ ಪೇದೆ 'ಕಿಸಕ್' ಅಂದರು. ಆಮೇಲೆ ಸಭೆಯನ್ನು ಹಿಡಿಯುವವರಿರಲಿಲ್ಲ. ನನ್ನ ಪಕ್ಕ ಕೂತಿದ್ದವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕನ ಮಗ ಎಂದಿನಂತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ನೋಟಿಸು ಬಂತು. ಅನುಮೋದಿತ ಸ್ಕ್ರಿಪ್ಟಿನಲ್ಲಿಲ್ಲದ ಹಾಸ್ಯ ಜರುಗಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಹಾಸ್ಯಕ್ಕೆ ನಕ್ಕವರ ಪಟ್ಟಿಯನ್ನು, ನಕ್ಕ ಕ್ರಮಾಂಕದಲ್ಲಿ, 7 ದಿನದೊಳಗೆ ಸಲ್ಲಿಸತಕ್ಕದ್ದು.

ಮೊದಲ ಹೆಸರು ಪೇದೆಯದು, ಅದನ್ನು ಬರೆಯುವುದು ಹೇಗೆ ಎಂದು ನನಗೆ ಚಿಂತೆ. ಅಕ್ಕನ ಮಗನ ಸಂಕಟವೇ ಬೇರೆ. ಊರಿನ ಮೊಟ್ಟಮೊದಲ ಇಂಪ್ರಾವ್‌ನ ಸರ್ಕಾರಿ ದಾಖಲೆ ಸಿದ್ಧವಾಗುತ್ತಿದೆ, ನಗದೇ ಇದ್ದ ತಪ್ಪಿಗೆ ಅವನ ಹೆಸರೇ ಅದರಲ್ಲಿ ಬರುತ್ತಿಲ್ಲ. ತಡೆಯಲಾರದೆ ಕಚೇರಿಗೆ ಫೋನ್ ಹಚ್ಚಿದ.

'ಸಾರ್, ತಲೆದೂಗಿದವರಿಗೆ ಬೇರೆ ಕಾಲಂ ಹಾಕಬಹುದಾ?'

'ಆಗುತ್ತೆ. ಮತ್ತೆ, ಎಷ್ಟು ಸಲ ಅಂತ ನಮೂದಿಸಿ.'